ಹೈಸ್ಕೂಲ್ ಮಕ್ಕಳಿಗೆ ಅಮೆರಿಕದ ಸರ್ಕಾರದ ಪಾಠ: "ಇದು ಯಾರ ಕೈಲಿದೆ?" ಎಂದು ಕೇಳಿ ಶುರುಮಾಡಿ

"ಮಗಳು ಹನ್ನೆರಡನೇ ಗ್ರೇಡಿಗೆ ಬಂದಳು. ಈ ವರ್ಷ ಗವರ್ನಮೆಂಟ್ ಅಂತ ಒಂದು ಸಬ್ಜೆಕ್ಟ್ ಇದೆ. ಲೆಕ್ಕ, ಸೈನ್ಸ್ ಆಗಿದ್ರೆ ನಾವೇ ಹೇಳಿಕೊಡ್ತಿದ್ವಿ. ಇದಕ್ಕೇನು ಮಾಡೋದು?"

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು ಪ್ರತಿ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನನ್ನನ್ನು ಕೇಳುವ ಪ್ರಶ್ನೆ ಇದು. ಕೆಲವು ವರ್ಷಗಳಿಂದ ವಾರಕ್ಕೊಮ್ಮೆ ನಮ್ಮ ಊರಿನ ಮಕ್ಕಳನ್ನು ಕೂರಿಸಿಕೊಂಡು ಈ ಪಾಠ ಮಾಡುತ್ತಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು. ಕಾಂಗ್ರೆಸ್, ಅಧ್ಯಕ್ಷ, ನ್ಯಾಯಾಲಯ ಎಂಬ ಮೂರು ಅಂಗಗಳ ಹೆಸರು ನಿಮ್ಮ ಮಗುವಿಗೆ ಐದನೇ ಗ್ರೇಡಿನಿಂದಲೇ ಗೊತ್ತು. ಮೂರು ಕೊಂಬೆಯ ಮರದ ಚಿತ್ರವನ್ನೂ ಬರೆದಿರುತ್ತದೆ. ಅದನ್ನೇ ಇನ್ನೊಮ್ಮೆ ಹೇಳಿದರೆ ಆಕಳಿಸುತ್ತದೆ, ಅಷ್ಟೆ. ಗೊತ್ತಿಲ್ಲದಿರುವುದು ಬೇರೆ: ಒಂದು ವಿಷಯ ಎದುರಿಗೆ ಬಂದಾಗ ಅದು ಯಾರ ಕೈಲಿದೆ, ಅವರ ಕೈ ಹಿಡಿಯುವವರು ಯಾರು. ಕೆಳಗಿನ ಹಂತಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇವೆ.

ಬೇಕಾಗುವ ಸಾಮಾನು

ಜಾಸ್ತಿ ಏನಿಲ್ಲ. ಅಮೆರಿಕದ ಸಂವಿಧಾನದ ಒಂದು ಪುಟ್ಟ ಪ್ರತಿ. ನಿಮ್ಮ ಮನೆಯ ಪ್ರಾಪರ್ಟಿ ಟ್ಯಾಕ್ಸ್ ಬಿಲ್. ಬಾಡಿಗೆ ಮನೆಯಾದರೆ ಅಂಗಡಿಯ ಯಾವುದಾದರೂ ರಸೀದಿ ನಡೆಯುತ್ತದೆ. ಒಂದು ನೋಟ್‌ಬುಕ್. ಮಸೂದೆಗಳನ್ನು ಹುಡುಕಲು ಕಾಂಗ್ರೆಸ್ ಡಾಟ್ ಗವ್. ಆಟವಾಡುತ್ತಾ ಕಲಿಯುವ ಮಕ್ಕಳಿಗೆ ಐಸಿವಿಕ್ಸ್ ಇದೆ. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ'ಕಾನರ್ 2009ರಲ್ಲಿ ಶುರುಮಾಡಿದ್ದು, ಉಚಿತ. ವಾರಕ್ಕೆ ಒಂದು ಸಲ, ಮುಕ್ಕಾಲು ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಕೂರಿಸಿದರೆ ಮಕ್ಕಳು ಕೈಗೆ ಸಿಗುವುದಿಲ್ಲ.

1. ಮೊದಲು ನಿಮ್ಮ ತಲೆಯಲ್ಲಿರುವ ಇಂಡಿಯಾವನ್ನು ಪಕ್ಕಕ್ಕಿಡಿ

ಈ ಹಂತ ಮಕ್ಕಳಿಗಲ್ಲ, ನಿಮಗೆ. ಮಕ್ಕಳಿಗೆ ತಪ್ಪು ಹೇಳಿಕೊಡುವವರಲ್ಲಿ ನಾವೇ ಮುಂದೆ. ಯಾಕೆಂದರೆ ಪದಗಳು ಅವೇ, ಅರ್ಥ ಮಾತ್ರ ಬೇರೆ.

'ಕಾಂಗ್ರೆಸ್' ಅಂದ ಕೂಡಲೇ ನಮಗೆ ಪಕ್ಷ ನೆನಪಾಗುತ್ತದೆ. ಬೆಂಗಳೂರಿನವರಿಗೆ ಖಾರದ ಕಡಲೆಬೀಜ ನೆನಪಾಗುತ್ತದೆ, ಹಳ್ಳಿಯವರಿಗೆ ಹೊಲದ ಕಳೆ. ಇಲ್ಲಿ ಕಾಂಗ್ರೆಸ್ ಎಂದರೆ ಸಂಸತ್ತು. 'ಡಿಸಿ' ಎಂದರೆ ಜಿಲ್ಲಾಧಿಕಾರಿಯಲ್ಲ, ರಾಜಧಾನಿ. 'ಸೆಕ್ರೆಟರಿ' ನಮ್ಮಲ್ಲಿ ಐಎಎಸ್ ಅಧಿಕಾರಿ, ಇಲ್ಲಿ ಮಂತ್ರಿ. ಸೆಕ್ರೆಟರಿ ಆಫ್ ಸ್ಟೇಟ್ ಎಂದರೆ ವಿದೇಶಾಂಗ ಮಂತ್ರಿ. ಅದೇ ಹೆಸರಿನ ಹುದ್ದೆ ಬಹುತೇಕ ರಾಜ್ಯಗಳಲ್ಲೂ ಇದೆ. ಅವರಿಗೂ ವಿದೇಶಕ್ಕೂ ಸಂಬಂಧವಿಲ್ಲ, ಹಲವು ಕಡೆ ಚುನಾವಣೆ ನಡೆಸುವವರು ಅವರೇ. ಪರೀಕ್ಷೆಯಲ್ಲಿ ಮಕ್ಕಳು ಎಡವುವ ಜಾಗ ಇದು.

'ಗವರ್ನರ್' ಇನ್ನೊಂದು. ನಮ್ಮ ರಾಜ್ಯಪಾಲರನ್ನು ದೆಹಲಿ ಕಳಿಸುತ್ತದೆ. ಇಲ್ಲಿನ ಗವರ್ನರನ್ನು ರಾಜ್ಯದ ಜನ ಆರಿಸುತ್ತಾರೆ, ಅಧ್ಯಕ್ಷರು ಅವರನ್ನು ತೆಗೆಯಲು ಆಗುವುದಿಲ್ಲ. ಕೆಲಸದಲ್ಲಿ ಅವರು ನಮ್ಮ ಮುಖ್ಯಮಂತ್ರಿಗೆ ಹತ್ತಿರ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ: ಇಲ್ಲಿ ಸರ್ಕಾರ "ಬೀಳುವುದಿಲ್ಲ". ನಮ್ಮಲ್ಲಿ ಸದನದಲ್ಲಿ ಬಹುಮತ ಹೋದರೆ ಪ್ರಧಾನಿಯೂ ಹೋದರು, ಮುಖ್ಯಮಂತ್ರಿಯೂ ಹೋದರು. 2019ರ ಜುಲೈನಲ್ಲಿ ಬೆಂಗಳೂರಿನಲ್ಲಿ ನೋಡಿದ್ದೇವಲ್ಲ. ಇಲ್ಲಿ ಅಧ್ಯಕ್ಷರಿಗೆ ಸದನದ ಬಹುಮತ ಬೇಕಾಗಿಯೇ ಇಲ್ಲ. ನಾಲ್ಕು ವರ್ಷ ಎಂದರೆ ನಾಲ್ಕು ವರ್ಷ. ಕಾಂಗ್ರೆಸ್ ಸದಸ್ಯರು ಮಂತ್ರಿಯಾಗಬೇಕಾದರೆ ಸದಸ್ಯತ್ವ ಬಿಡಬೇಕು. ನಮ್ಮಲ್ಲಿ ಮಂತ್ರಿಯಾದವರು ಆರು ತಿಂಗಳಲ್ಲಿ ಸದಸ್ಯರಾಗಲೇಬೇಕು, ಸರಿಯಾಗಿ ಉಲ್ಟಾ. ಹಾಗಾಗಿ ಶಾಸಕರನ್ನು ರೆಸಾರ್ಟಿಗೆ ಒಯ್ಯುವ ಪ್ರಸಂಗವೂ ಇಲ್ಲ. (ಪೂರ್ತಿ ಇಲ್ಲ ಅನ್ನೋ ಹಾಗಿಲ್ಲ. ಟೆಕ್ಸಸ್ ರಾಜ್ಯದ ಡೆಮಾಕ್ರಾಟ್ ಶಾಸಕರು ಕೋರಂ, ಅಂದರೆ ಸದನ ನಡೆಯಲು ಬೇಕಾದಷ್ಟು ಹಾಜರಿ, ತಪ್ಪಿಸಲು 2021ರಲ್ಲಿ ವಾಷಿಂಗ್ಟನ್ನಿಗೆ, 2025ರಲ್ಲಿ ಇಲಿನಾಯ್‌ಗೆ ಹೋಗಿ ಕೂತಿದ್ದರು. ಮಕ್ಕಳಿಗೆ ಈ ಕತೆ ತುಂಬಾ ಇಷ್ಟ.)

ಸರ್ಕಾರ ಬೀಳುವುದಿಲ್ಲ, ನಿಜ. ಆದರೆ ಬಾಗಿಲು ಹಾಕುತ್ತದೆ. ಇಲ್ಲಿ ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಅಷ್ಟರೊಳಗೆ ಖರ್ಚಿನ ಮಸೂದೆ ಪಾಸಾಗದಿದ್ದರೆ ಹಲವು ಕಚೇರಿಗಳು ಮುಚ್ಚುತ್ತವೆ. ಅದೇ 'ಷಟ್‌ಡೌನ್'. 2025ರಲ್ಲಿ ಅದು 43 ದಿನ ನಡೆಯಿತು. ಅಧ್ಯಕ್ಷರೂ ಅಲ್ಲೇ ಇದ್ದರು, ಕಾಂಗ್ರೆಸ್ಸೂ ಅಲ್ಲೇ ಇತ್ತು.

2. ಟ್ಯಾಕ್ಸ್ ಬಿಲ್ಲಿನಿಂದ ಪಾಠ ಶುರುಮಾಡಿ

ಪಠ್ಯಪುಸ್ತಕ ವಾಷಿಂಗ್ಟನ್ನಿನಿಂದ ಶುರುವಾಗುತ್ತದೆ. ನೀವು ಮನೆಯಿಂದ ಶುರುಮಾಡಿ.

ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲನ್ನು ಊಟದ ಮೇಜಿನ ಮೇಲೆ ಹರಡಿ. ಅದರಲ್ಲಿ ಸಾಲು ಸಾಲಾಗಿ ಹೆಸರುಗಳಿರುತ್ತವೆ: ಕೌಂಟಿ, ಸಿಟಿ ಅಥವಾ ಟೌನ್‌ಶಿಪ್, ಸ್ಕೂಲ್ ಡಿಸ್ಟ್ರಿಕ್ಟ್. ಕೆಲವು ಕಡೆ ಲೈಬ್ರರಿ, ಅಗ್ನಿಶಾಮಕ ದಳ, ನೀರಿನ ಮಂಡಳಿ, ಸೊಳ್ಳೆ ನಿಯಂತ್ರಣ ಮಂಡಳಿ ಕೂಡ. ಎಷ್ಟೋ ಕಡೆ ಇವುಗಳಲ್ಲಿ ಒಂದೊಂದೂ ಒಂದೊಂದು ಬೇರೆ ಸರ್ಕಾರ. ಅಮೆರಿಕದಲ್ಲಿ ಇಂಥ ಸ್ಥಳೀಯ ಸರ್ಕಾರಗಳು 90 ಸಾವಿರದಷ್ಟಿವೆ. ಒಂದೊಂದು ಸಾಲಿನ ಮುಂದೆಯೂ ಮಗು ಮೂರು ಉತ್ತರ ಬರೆಯಲಿ: ಈ ದುಡ್ಡು ಯಾವುದಕ್ಕೆ? ಇದನ್ನು ನಿರ್ಧರಿಸುವವರು ಯಾರು? ಅವರನ್ನು ಆರಿಸಿದವರು ಯಾರು?

ಬಹುತೇಕ ಮನೆಗಳಲ್ಲಿ ಸ್ಕೂಲಿನ ಸಾಲೇ ಎಲ್ಲಕ್ಕಿಂತ ದೊಡ್ಡದು. ಅಲ್ಲಿಗೆ ಮಕ್ಕಳ ಮುಖ ಬದಲಾಗುತ್ತದೆ. ಶಾಲೆಯ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಮೊಬೈಲ್ ತರಬಹುದೋ ಇಲ್ಲವೋ ಎಂದು ನಿರ್ಧರಿಸುವವರು ಶ್ವೇತಭವನದಲ್ಲಿಲ್ಲ, ಎರಡು ಮೈಲಿ ಆಚೆ ಇದ್ದಾರೆ ಎಂದು ಗೊತ್ತಾಗುತ್ತದೆ. ಕೆಲವೊಮ್ಮೆ ರಾಜ್ಯದ ಕಾನೂನು ಮೇಲಿಂದ ಬಂದು ಕೂರುತ್ತದೆ. ಅದನ್ನೂ ಹುಡುಕಿಸಿ.

ಬಾಡಿಗೆ ಮನೆಯವರು ಅಂಗಡಿ ರಸೀದಿಯ ಸೇಲ್ಸ್ ಟ್ಯಾಕ್ಸ್ ನೋಡಿ. ಅದರಲ್ಲಿ ರಾಜ್ಯದ ಪಾಲೆಷ್ಟು, ಊರಿನ ಪಾಲೆಷ್ಟು ಎಂದು ಹುಡುಕಿಸಿ. ಆರೆಗಾನ್, ಡೆಲವೇರ್‌ನಂಥ ಕಡೆ ಆ ತೆರಿಗೆಯೇ ಇಲ್ಲ. ಯಾಕಿಲ್ಲ ಎಂಬುದೇ ಅವತ್ತಿನ ಪಾಠ.

ಇಲ್ಲಿ ಬರುವ ಪದ 'ಫೆಡರಲಿಸಂ'. ಕೇಂದ್ರ ಮತ್ತು ರಾಜ್ಯ ಅಧಿಕಾರ ಹಂಚಿಕೊಳ್ಳುವ ಏರ್ಪಾಡು. ನಮ್ಮ ಸಂವಿಧಾನದಲ್ಲಿ ಯಾವ ಪಟ್ಟಿಗೂ ಸೇರದ ವಿಷಯ ಕೇಂದ್ರಕ್ಕೆ ಹೋಗುತ್ತದೆ. ಇಲ್ಲಿ ಹತ್ತನೇ ತಿದ್ದುಪಡಿಯ ಪ್ರಕಾರ ಅಂಥದ್ದು ರಾಜ್ಯಗಳಿಗೆ ಅಥವಾ ಜನರಿಗೆ ಉಳಿಯುತ್ತದೆ. ಡ್ರೈವಿಂಗ್ ಲೈಸೆನ್ಸ್, ಮದುವೆ, ಶಾಲೆ ಎಲ್ಲವೂ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದು ಇದರಿಂದಲೇ.

3. ಸಂವಿಧಾನ ಓದಿಸಿ, ಬಾಯಿಪಾಠ ಮಾಡಿಸಬೇಡಿ

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಈ ಸಂವಿಧಾನಕ್ಕೆ ಏಳೇ ಏಳು ಆರ್ಟಿಕಲ್. ತಿದ್ದುಪಡಿ ಬಿಟ್ಟರೆ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದುವ ಮೊದಲು ಸುಮ್ನೆ ಪುಟ ತಿರುಗಿಸಿ, ಯಾವ ಆರ್ಟಿಕಲ್ ಎಷ್ಟು ಉದ್ದ ಇದೆ ನೋಡು ಅನ್ನಿ. ಮೊದಲನೆಯದು ಕಾಂಗ್ರೆಸ್ ಬಗ್ಗೆ. ಅದೊಂದೇ ಅರ್ಧ ಜಾಗ ತಿಂದಿದೆ. ಎರಡನೆಯದು ಅಧ್ಯಕ್ಷರ ಬಗ್ಗೆ, ಅದರ ಅರ್ಧವೂ ಇಲ್ಲ. ಮೂರನೆಯದು ನ್ಯಾಯಾಲಯ, ಇನ್ನೂ ಚಿಕ್ಕದು. ದಿನಾ ಟಿವಿಯಲ್ಲಿ ಬರೀ ಅಧ್ಯಕ್ಷರನ್ನು ನೋಡುವ ಮಗುವಿಗೆ ಇದು ಆಶ್ಚರ್ಯವೇ. ಯಾಕೆ ಹೀಗೆ ಅಂತ ಅದೇ ಕೇಳಲಿ, ನೀವು ಕಾಯಿರಿ.

ತಿದ್ದುಪಡಿಗಳು 27. ಮೊದಲ ಹತ್ತು 1791ರಲ್ಲಿ ಬಂದವು, ಅವೇ 'ಬಿಲ್ ಆಫ್ ರೈಟ್ಸ್', ಹಕ್ಕುಗಳ ಪಟ್ಟಿ. ಎಲ್ಲವನ್ನೂ ಸಾಲಾಗಿ ಹೇಳಿಸುವುದು ಬೇಡ. ತಿದ್ದುಪಡಿ ಎಷ್ಟು ಕಷ್ಟ ಎಂದು ಲೆಕ್ಕ ಹಾಕಿಸಿ: ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು, ಆಮೇಲೆ 50 ರಾಜ್ಯಗಳಲ್ಲಿ 38ರ ಒಪ್ಪಿಗೆ. ಕೊನೆಯ ತಿದ್ದುಪಡಿಯ ಕತೆ ಮಾತ್ರ ಬಿಡಬೇಡಿ. ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳ ಏರಿಸಿಕೊಂಡರೆ ಅದು ಮುಂದಿನ ಚುನಾವಣೆ ಆದಮೇಲೇ ಜಾರಿಗೆ ಬರಬೇಕು ಎಂಬ ಈ ಪ್ರಸ್ತಾವ 1789ರದ್ದು. ಹಾಗೇ ಮೂಲೆಗೆ ಬಿದ್ದಿತ್ತು. 1982ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಗ್ರೆಗರಿ ವಾಟ್ಸನ್ ಇದನ್ನು ಇನ್ನೂ ಪಾಸು ಮಾಡಬಹುದು ಎಂದು ಪ್ರಬಂಧ ಬರೆದ. ಸಿಕ್ಕ ಗ್ರೇಡ್ ಸಿ. ಸಿಟ್ಟಿಗೆದ್ದು ರಾಜ್ಯ ರಾಜ್ಯಕ್ಕೂ ಪತ್ರ ಬರೆಯುತ್ತಾ ಕೂತ. 1992ರಲ್ಲಿ ಅದು ಸಂವಿಧಾನದ ಭಾಗವಾಯಿತು. 2017ರಲ್ಲಿ ವಿಶ್ವವಿದ್ಯಾಲಯ ಅವನ ಗ್ರೇಡನ್ನು ಎ ಮಾಡಿತು. ಗ್ರೇಡಿಗಾಗಿ ಜಗಳವಾಡುವ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕತೆ ಸಿಗುವುದಿಲ್ಲ!

4. ಒಂದೇ ಒಂದು ಮಸೂದೆಯ ಬೆನ್ನು ಹತ್ತಿ

"ಬಿಲ್ ಕಾನೂನಾಗುವುದು ಹೇಗೆ" ಎಂಬ ಬಾಣದ ಗುರುತಿನ ಚಿತ್ರ ಎಲ್ಲ ಪುಸ್ತಕದಲ್ಲೂ ಇದೆ. ಅದು ಅರ್ಧ ಸತ್ಯ. ಹೆಚ್ಚಿನ ಮಸೂದೆಗಳು ದಾರಿಯಲ್ಲೇ ಸಾಯುತ್ತವೆ. ಆದ್ದರಿಂದ ಸತ್ತ ಮಸೂದೆಯನ್ನೇ ಆರಿಸಿಕೊಳ್ಳಿ.

ನಮ್ಮ ಮನೆಗಳಿಗೆ ಹತ್ತಿರದ ಒಂದಿದೆ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿನಲ್ಲಿ ಒಂದು ದೇಶಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಹೋಗಬಾರದು ಎಂಬ ಮಿತಿ ಕಾನೂನಿನಲ್ಲಿದೆ. ಭಾರತೀಯರ ಉದ್ದದ ಸರದಿಗೆ ಅದೇ ದೊಡ್ಡ ಕಾರಣ. ಅದನ್ನು ತೆಗೆಯುವ ಎಚ್.ಆರ್. 1044 ಎಂಬ ಮಸೂದೆ 2019ರ ಜುಲೈ 10ರಂದು ಹೌಸ್‌ನಲ್ಲಿ 365-65 ಮತಗಳಿಂದ ಪಾಸಾಯಿತು. ಹೌಸ್ ಎಂದರೆ ಕೆಳಮನೆ, 435 ಸದಸ್ಯರು, ಎರಡೇ ವರ್ಷದ ಅವಧಿ. ಎರಡೂ ಪಕ್ಷದವರು ಕೈ ಎತ್ತಿದ್ದರು. ಎಷ್ಟೋ ಮನೆಯಲ್ಲಿ ಅವತ್ತು ಸಿಹಿ ಹಂಚಿದ್ದೂ ಆಯಿತು.

ಇಲ್ಲಿ ನಿಲ್ಲಿಸಿ ಮಗುವನ್ನು ಕೇಳಿ: ಮುಂದೇನಾಯಿತು?

ಮೇಲ್ಮನೆಯಾದ ಸೆನೆಟ್‌ನಲ್ಲಿ ಅದರ ಜೋಡಿ ಮಸೂದೆ ಎಸ್. 386. ಅದನ್ನು 'ಯುನಾನಿಮಸ್ ಕನ್ಸೆಂಟ್' ದಾರಿಯಲ್ಲಿ, ಅಂದರೆ ಯಾರೊಬ್ಬರ ಆಕ್ಷೇಪವೂ ಇಲ್ಲದೆ ಪಾಸು ಮಾಡಲು ನೋಡಿದರು. ಈ ದಾರಿ ಬೇಗ ಮುಗಿಯುತ್ತದೆ, ಆದರೆ ನೂರರಲ್ಲಿ ಒಬ್ಬರು ಎದ್ದು ಬೇಡ ಎಂದರೂ ನಿಂತಿತು. ತಿಂಗಳುಗಟ್ಟಲೆ ಹಾಗೇ ನಿಂತಿತು. ಮಾಮೂಲಿ ದಾರಿಯಲ್ಲಿ ಹೋದರೆ 'ಫಿಲಿಬಸ್ಟರ್' ಎದುರಾಗುತ್ತದೆ. ಚರ್ಚೆಯನ್ನು ಎಳೆಯುತ್ತಾ ಮತಕ್ಕೆ ಹೋಗದಂತೆ ತಡೆಯುವ ಉಪಾಯ ಅದು. ನಿಲ್ಲಿಸಲು 60 ಮತ ಬೇಕು. ಕೊನೆಗೆ ಸಾಕಷ್ಟು ತಿದ್ದಿ 2020ರ ಡಿಸೆಂಬರ್ 2ರಂದು ಸೆನೆಟ್ ಪಾಸು ಮಾಡಿತು.

ಎರಡೂ ಸದನದಲ್ಲಿ ಪಾಸಾಯಿತಲ್ಲ, ಕಾನೂನಾಗಬೇಕಿತ್ತು ಅಲ್ವಾ? ಆಗಲಿಲ್ಲ. ಎರಡು ಸದನ ಒಪ್ಪಿದ್ದು ಎರಡು ಬೇರೆ ಬೇರೆ ಬರಹ. ಅಕ್ಷರ ಅಕ್ಷರ ಒಂದೇ ಆಗಿರಬೇಕು. ಹೊಂದಿಸುವಷ್ಟರಲ್ಲಿ 2021ರ ಜನವರಿ 3 ಬಂತು, ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು.

ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಮಗು ತಾನೇ ಎರಡೂ ಸಂಖ್ಯೆ ಹಾಕಿ ತಾರೀಖುಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ನಿಮ್ಮ ಪ್ರತಿನಿಧಿ ಯಾವ ಕಡೆ ಮತ ಹಾಕಿದ್ದರು ಎಂದೂ ನೋಡಿ. ಈ ಒಂದು ಪಾಠಕ್ಕೆ ಎರಡು ವಾರ ಕೊಟ್ಟರೂ ತಪ್ಪಿಲ್ಲ.

ಎಚ್ಚರ: "ಹೌಸ್‌ನಲ್ಲಿ ಪಾಸಾಯ್ತಂತೆ, ಇನ್ನೇನು ಕಾರ್ಡ್ ಬಂತು" ಎಂಬ ವಾಟ್ಸಾಪ್ ಸಂದೇಶಗಳನ್ನು ನಂಬಿ ಅವನ್ನೇ ಪಾಠ ಮಾಡಬೇಡಿ. ಸಂದೇಶ ಬಂದಾಗ ಮಗುವಿನ ಕೈಗೆ ಕೊಟ್ಟು, ಯಾವ ಹಂತದಲ್ಲಿದೆ ಹುಡುಕು ಅನ್ನಿ.

5. ಕಾನೂನು ಬೇರೆ, ನಿಯಮ ಬೇರೆ

ಪುಸ್ತಕಗಳು ಇದನ್ನು ಅವಸರದಲ್ಲಿ ದಾಟುತ್ತವೆ. ಎಚ್-1ಬಿ ನೌಕರರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಎಷ್ಟೋ ಜನರ ಕೈಲಿ ಕೆಲಸದ ಪರವಾನಗಿ ಇದೆಯಲ್ಲ, ಅದನ್ನು ಕೊಟ್ಟಿದ್ದು ಯಾರು? ಅದಕ್ಕೆಂದೇ ಕಾಂಗ್ರೆಸ್ ಯಾವ ಕಾನೂನನ್ನೂ ಪಾಸು ಮಾಡಿಲ್ಲ. 2015ರಲ್ಲಿ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆ ಮಾಡಿದ ನಿಯಮ ಅದು. ಕಾಂಗ್ರೆಸ್ ಕಾನೂನಿನ ಚೌಕಟ್ಟು ಹಾಕುತ್ತದೆ, ಅಧ್ಯಕ್ಷರ ಕೈಕೆಳಗಿನ ಇಲಾಖೆ ಅದರೊಳಗೆ ನಿಯಮ ಬರೆಯುತ್ತದೆ. ಇಲಾಖೆಗೆ ಆ ಅಧಿಕಾರವೇ ಇಲ್ಲ ಎಂದು ಅದೇ ವರ್ಷ ಮೊಕದ್ದಮೆ ಬಿತ್ತು. ಮುಂದಿನ ಆಡಳಿತ ನಿಯಮವನ್ನೇ ತೆಗೆಯುವ ಪ್ರಸ್ತಾವ ಹಿಡಿದುಕೊಂಡು ಓಡಾಡಿತು, ತೆಗೆಯಲಿಲ್ಲ. 2024ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು, 2025ರಲ್ಲಿ ಸುಪ್ರೀಂ ಕೋರ್ಟ್ ಆ ಪ್ರಕರಣ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಮೂರು ಅಂಗ, ಒಂದೇ ಪರವಾನಗಿ. 'ಚೆಕ್ಸ್ ಅಂಡ್ ಬ್ಯಾಲೆನ್ಸಸ್', ಅಂದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿಯುವ ಏರ್ಪಾಡು, ಇಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣಿಸುವುದಿಲ್ಲ. ವೀಟೋ (ಅಧ್ಯಕ್ಷರು ಮಸೂದೆಯನ್ನು ತಿರಸ್ಕರಿಸುವುದು), ಮಹಾಭಿಯೋಗ (ಇಂಪೀಚ್‌ಮೆಂಟ್) ಎಲ್ಲವನ್ನೂ ಇದರ ಬೆನ್ನಿಗೇ ಹೇಳಿಬಿಡಿ. ವೀಟೋ ಮೀರಲು ಎರಡೂ ಸದನದಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಮಹಾಭಿಯೋಗವನ್ನು ಹೌಸ್ ಹೊರಿಸುತ್ತದೆ, ವಿಚಾರಣೆ ಸೆನೆಟ್‌ನಲ್ಲಿ. ಮಹಾಭಿಯೋಗ ಆಯಿತು ಎಂದರೆ ಅಧ್ಯಕ್ಷರು ಮನೆಗೆ ಹೋದರು ಎಂದಲ್ಲ. ಸೆನೆಟ್‌ನಲ್ಲಿ ತಪ್ಪಿತಸ್ಥ ಎಂದಾಗಿ ಇದುವರೆಗೆ ಯಾವ ಅಧ್ಯಕ್ಷರೂ ಹುದ್ದೆ ಕಳೆದುಕೊಂಡಿಲ್ಲ. ನಿಕ್ಸನ್ 1974ರಲ್ಲಿ ತಾವೇ ರಾಜೀನಾಮೆ ಕೊಟ್ಟರು.

6. ಕೋರ್ಟಿನ ಪಾಠಕ್ಕೆ ಮಕ್ಕಳದೇ ಪ್ರಕರಣ ಹಿಡಿಯಿರಿ

ಮೂರು ಸಾಕು. 1969ರ ಟಿಂಕರ್: ವಿಯೆಟ್ನಾಂ ಯುದ್ಧ ವಿರೋಧಿಸಿ ಅಯೋವಾದ ಮಕ್ಕಳು ತೋಳಿಗೆ ಕಪ್ಪುಪಟ್ಟಿ ಕಟ್ಟಿ ಶಾಲೆಗೆ ಹೋದರು, ಶಾಲೆ ಅವರನ್ನು ಸಸ್ಪೆಂಡ್ ಮಾಡಿತು, ಸುಪ್ರೀಂ ಕೋರ್ಟಿನಲ್ಲಿ ಮಕ್ಕಳು 7-2ರಿಂದ ಗೆದ್ದರು. 1985ರ ನ್ಯೂಜೆರ್ಸಿ ವಿರುದ್ಧ ಟಿ.ಎಲ್.ಓ.: ಶಾಲೆಯಲ್ಲಿ ಸಿಗರೇಟಿನ ಅನುಮಾನದ ಮೇಲೆ ಹುಡುಗಿಯ ಪರ್ಸ್ ಹುಡುಕಿದರು. ಪೊಲೀಸರಿಗೆ ಬೇಕಾದಷ್ಟು ಬಲವಾದ ಕಾರಣ ಶಾಲೆಗೆ ಬೇಕಿಲ್ಲ, ನ್ಯಾಯವಾದ ಅನುಮಾನ ಇದ್ದರೆ ಸಾಕು ಎಂದಿತು ಕೋರ್ಟ್. 2021ರ ಮಹನಾಯ್: ಶಾಲೆಯ ಮುಖ್ಯ ಚಿಯರ್‌ಲೀಡಿಂಗ್ ತಂಡಕ್ಕೆ ಆಯ್ಕೆಯಾಗದ ಹುಡುಗಿ ವಾರಾಂತ್ಯದಲ್ಲಿ ಸ್ನ್ಯಾಪ್‌ಚಾಟ್‌ನಲ್ಲಿ ಶಾಲೆಯನ್ನು ಬೈದಳು. 8-1ರಿಂದ ಗೆದ್ದಳು.

ತೀರ್ಪು ಹೇಳುವ ಮೊದಲು ಬರೀ ಘಟನೆ ಹೇಳಿ. ನೀನು ಜಡ್ಜ್ ಆಗಿದ್ದರೆ ಏನು ಮಾಡುತ್ತಿದ್ದೆ, ಯಾಕೆ ಎಂದು ಬರೆಸಿ. ಆಮೇಲೆ ಕೋರ್ಟ್ ಹೇಳಿದ್ದನ್ನು ತೋರಿಸಿ.

ಇಲ್ಲೊಂದು ಗುಂಡಿ ಇದೆ. ವಾಕ್ ಸ್ವಾತಂತ್ರ್ಯದ ಮೊದಲ ತಿದ್ದುಪಡಿ ತಡೆಯುವುದು ಸರ್ಕಾರವನ್ನು ಮಾತ್ರ. ಪಬ್ಲಿಕ್ ಸ್ಕೂಲ್ ಸರ್ಕಾರದ್ದು, ಹಾಗಾಗಿ ಅನ್ವಯಿಸುತ್ತದೆ. ಪ್ರೈವೇಟ್ ಶಾಲೆಗೋ ಫೇಸ್‌ಬುಕ್ಕಿಗೋ ಅನ್ವಯಿಸುವುದಿಲ್ಲ. "ನನ್ನ ಪೋಸ್ಟ್ ತೆಗೆದುಹಾಕಿದರು, ಇದು ಸಂವಿಧಾನ ವಿರೋಧಿ" ಎಂದು ದೊಡ್ಡವರೇ ಕೂಗಾಡುತ್ತಾರೆ.

7. ಚುನಾವಣೆ: ಕೂಡುವ ಲೆಕ್ಕದಿಂದ

435 ಹೌಸ್ ಸ್ಥಾನ, 100 ಸೆನೆಟ್ ಸ್ಥಾನ, ರಾಜಧಾನಿ ಡಿಸಿಗೆ 3. ಒಟ್ಟು 538. ಅರ್ಧಕ್ಕಿಂತ ಒಂದು ಹೆಚ್ಚು 270. ಇದೇ 'ಎಲೆಕ್ಟೋರಲ್ ಕಾಲೇಜ್', ಅಧ್ಯಕ್ಷರನ್ನು ಆರಿಸುವ ಮತದಾರರ ಮಂಡಳಿ. ಹೆಸರು ಕೇಳಿ ಕಾಲೇಜು ಎಲ್ಲಿದೆ ಎಂದು ಹುಡುಕಬೇಡಿ. ಎರಡು ರಾಜ್ಯ ಬಿಟ್ಟು, ಗೆದ್ದವರಿಗೆ ರಾಜ್ಯದ ಅಷ್ಟೂ ಮತ. ಆ ಎರಡು, ಮೇನ್ ಮತ್ತು ನೆಬ್ರಾಸ್ಕ. ಹಾಗಾಗಿ 2000 ಮತ್ತು 2016ರಲ್ಲಿ ದೇಶದಲ್ಲಿ ಕಡಿಮೆ ಮತ ಪಡೆದವರು ಅಧ್ಯಕ್ಷರಾದರು.

ಸೆನೆಟ್ ಲೆಕ್ಕವನ್ನೂ ಪಕ್ಕದಲ್ಲಿಡಿ. ಆರು ಲಕ್ಷವೂ ಇಲ್ಲದ ವಯೋಮಿಂಗ್‌ಗೆ ಇಬ್ಬರು, ನಾಲ್ಕು ಕೋಟಿಗೆ ಹತ್ತಿರದ ಕ್ಯಾಲಿಫೋರ್ನಿಯಾಕ್ಕೂ ಇಬ್ಬರು. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಉತ್ತರ ಪ್ರದೇಶಕ್ಕೆ 31. ಯಾವುದು ಸರಿ? ಉತ್ತರ ನೀವು ಹೇಳಬೇಡಿ, ಮಕ್ಕಳು ಜಗಳವಾಡಲಿ. ನಿಮ್ಮ ಪಕ್ಷ ಯಾವುದು ಎಂಬುದನ್ನೂ ಈ ಮುಕ್ಕಾಲು ಗಂಟೆ ಹೊರಗಿಡಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟ.

ಒಂದು ದೊಡ್ಡ ಎಚ್ಚರಿಕೆ

ಹದಿನಾರು ತುಂಬಿದ ಮಕ್ಕಳು ಡ್ರೈವಿಂಗ್ ಲೈಸೆನ್ಸಿಗೆ ಹೋದಾಗ ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿಗೂ ಮುಂಚಿತವಾಗಿ ಹೆಸರು ಸೇರಿಸುತ್ತೀಯಾ ಎಂದು ಕೇಳುತ್ತಾರೆ. ಮಗು ಅಮೆರಿಕದ ಪ್ರಜೆಯಲ್ಲದಿದ್ದರೆ, ಗ್ರೀನ್ ಕಾರ್ಡ್ ಇದ್ದರೂ ಸರಿ, "ಇಲ್ಲ" ಎಂದೇ ಹೇಳಬೇಕು. ಗೊತ್ತಿಲ್ಲದೆ ಟಿಕ್ ಹಾಕಿ ತಾನು ಪ್ರಜೆ ಎಂದು ಸಹಿ ಮಾಡಿದರೆ ಮುಂದೆ ಗ್ರೀನ್ ಕಾರ್ಡಿಗೂ ಪೌರತ್ವಕ್ಕೂ ಕುತ್ತು ಬರಬಹುದು. ಆಗಲೇ ಆಗಿಹೋಗಿದ್ದರೆ ಮೊದಲು ವಲಸೆ ವಕೀಲರನ್ನು ಕಾಣಿ. ಪಾಠದ ಉತ್ಸಾಹದಲ್ಲಿ ಇದನ್ನು ಮರೆಯಬೇಡಿ.

ನೀವೇ ಪೌರತ್ವ ಪರೀಕ್ಷೆಗೆ ಓದುತ್ತಿದ್ದರೆ ಒಳ್ಳೆಯದೇ ಆಯಿತು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ 20 ಕೇಳುತ್ತಾರೆ, 12 ಸರಿ ಬಂದರೆ ಪಾಸು. ಪ್ರಶ್ನೆ ಕೇಳುವ ಕೆಲಸ ಮಗುವಿಗೆ ಕೊಡಿ. ಅಪ್ಪ ತಪ್ಪು ಹೇಳಿದಾಗ ತಿದ್ದುವ ಖುಷಿಯಲ್ಲೇ ಅದಕ್ಕೆ ಅರ್ಧ ಪಾಠ ಬರುತ್ತದೆ.

ಈ ವಿಷಯದಲ್ಲಿ ಎಪಿ, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪರೀಕ್ಷೆ, ಬರೆಯುವ ಮಕ್ಕಳಿಗೆ ಇಷ್ಟೇ ಸಾಲದು. ಅಲ್ಲಿ 80 ನಿಮಿಷದಲ್ಲಿ 55 ಬಹು ಆಯ್ಕೆ ಪ್ರಶ್ನೆ, 100 ನಿಮಿಷದಲ್ಲಿ ನಾಲ್ಕು ಬರಹದ ಪ್ರಶ್ನೆ ಇರುತ್ತವೆ. ಒಂಬತ್ತು ಮೂಲ ದಾಖಲೆಗಳನ್ನು ಓದಿರಬೇಕು. ಅದಕ್ಕೆ ಟೀಚರ್ ಕೊಟ್ಟ ಪಟ್ಟಿ ಹಿಡಿದು ಕೂರುವುದೇ ದಾರಿ.

8. ಕೊನೆಗೆ ಹೋಗಿ ಕೂತು ನೋಡಿ

ಸ್ಕೂಲ್ ಡಿಸ್ಟ್ರಿಕ್ಟ್ ನಡೆಸುವ ಮಂಡಳಿಯೇ ಸ್ಕೂಲ್ ಬೋರ್ಡ್. ಅದರ ಮೀಟಿಂಗಿಗೆ ಯಾರು ಬೇಕಾದರೂ ಹೋಗಬಹುದು, ಪ್ರಜೆಯಾಗಿರಬೇಕಿಲ್ಲ. ದಿನಾಂಕ ಮತ್ತು ಅಜೆಂಡಾ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿರುತ್ತದೆ. ಅಜೆಂಡಾ ಪ್ರಿಂಟ್ ತೆಗೆದು, ಒಂದೊಂದು ವಿಷಯದ ಪಕ್ಕದಲ್ಲೂ ಮಗು ಪೆನ್ಸಿಲ್ಲಿನಲ್ಲಿ ಬರೆಯಲಿ: ಇದು ಬೋರ್ಡಿನ ಕೈಲಿದೆಯೋ, ರಾಜ್ಯದ ಕೈಲೋ, ವಾಷಿಂಗ್ಟನ್ನಿನದೋ? ಸಾರ್ವಜನಿಕರಿಗೆ ಸಾಮಾನ್ಯವಾಗಿ ಎರಡು-ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಕೆಲವು ಕಡೆ ಮೊದಲೇ ಹೆಸರು ಬರೆಸಬೇಕು, ನೋಡಿಕೊಳ್ಳಿ. ಮೊದಲ ಸಲ ಮಾತಾಡು ಎಂದು ಒತ್ತಾಯ ಬೇಡ.

ಮೀಟಿಂಗ್ ಉದ್ದ ಇರುತ್ತದೆ, ಬಹುಪಾಲು ಬೇಜಾರು ತರಿಸುವಂಥದ್ದೇ. ನನ್ನ ಜೊತೆ ಬಂದಿದ್ದ ಹುಡುಗನೊಬ್ಬ ಮುಕ್ಕಾಲು ಗಂಟೆ ಬಸ್ ಗುತ್ತಿಗೆಯ ಚರ್ಚೆ ಕೇಳಿ, "ಅಂಕಲ್, ಇವರೆಲ್ಲ ಎಲೆಕ್ಷನ್ ಗೆದ್ದು ಬಂದಿರೋದು ಇದಕ್ಕಾ?" ಎಂದ. ಹೌದು ಎಂದೆ. ಅವನ ಅಜೆಂಡಾದಲ್ಲಿ ಆ ಸಾಲಿನ ಪಕ್ಕ "ಬೋರ್ಡ್" ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದ.